ಹಂಪಿ ಬಜಾರ್: ಖಾಲಿ ಬೀದಿಯ ಹಿಂದಿನ ಕಥೆ

ಹಂಪಿ ವಿರೂಪಾಕ್ಷ ಗುಡಿಯ ಮುಂದಿನ ಬೀದಿ ಈಗ ಖಾಲಿ. ಎರಡೂ ಬದಿಗೆ ಕಲ್ಲಿನ ಸಾಲುಮಂಟಪ, ನಡುವೆ ತೇರಿನ ಹಾದಿ. ಹೊಸದಾಗಿ ಬಂದವರು ಇದು ಹಿಂದಿನಿಂದಲೂ ಹೀಗೇ ಇತ್ತು ಅಂದುಕೊಳ್ಳುತ್ತಾರೆ. ಆದರೆ 2011ರ ಜುಲೈವರೆಗೆ ಇಲ್ಲಿ ಮನೆಗಳಿದ್ದವು, ಒಲೆ ಉರಿಯುತ್ತಿತ್ತು.

1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಗುಡಿಯ ಮುಂದಿನ ಬೀದಿಯಲ್ಲಿ ಚೆಂದದ ಮನೆಗಳಿದ್ದವು, ಯಾತ್ರಿಕರು ಅಲ್ಲಿ ತಂಗುತ್ತಿದ್ದರು ಎಂದು ಬರೆದಿದ್ದಾನೆ. ಅಂದರೆ ಬಂದವರಿಗೆ ನೆರಳು ಕೊಡುವುದು ಈ ಬೀದಿಗೆ ಐನೂರು ವರ್ಷದ ಹಳೆಯ ಕಸುಬು. 1565ರಲ್ಲಿ ನಗರ ಹಾಳಾಯಿತು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ.

ನಮ್ಮ ಕಾಲಕ್ಕೆ ಬಂದರೆ, ಬಡ ಕುಟುಂಬಗಳು ಈ ಮಂಟಪಗಳಲ್ಲಿ ದಶಕಗಳಿಂದ ನೆಲೆಸಿದ್ದವು. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಹೆಚ್ಚಿದರು, ಹೋಟೆಲು, ಅಂಗಡಿ, ಬಾಡಿಗೆ ಕೋಣೆಗಳೂ ಹೆಚ್ಚಿದವು. ಕಂಬಗಳ ನಡುವೆ ಗೋಡೆ ಎದ್ದಿದ್ದು, ಕಲ್ಲಿಗೆ ಪೆಟ್ಟು ಬಿದ್ದಿದ್ದು ಸುಳ್ಳಲ್ಲ. 2011ರ ಜುಲೈ ಕೊನೆಗೆ ಜೆಸಿಬಿಗಳು ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಿಗೆ ತೋರಿಸಿದ ಜಾಗ ಕೆಲವು ಕಿಲೋಮೀಟರ್ ಆಚೆಯ ಕಡ್ಡಿರಾಂಪುರ. ಗುಡಿಯ ಮುಂದೆ ಕಾಯಿ, ಹೂವು ಮಾರಿ ಬದುಕುವವರಿಗೆ ಆ ದೂರ ಸಣ್ಣದಲ್ಲ.

ಹೊಳೆಯ ಆಚೆ ಆನೆಗೊಂದಿಯದು ಇನ್ನೊಂದು ಕಥೆ. ಹರಿಗೋಲನ್ನೇ ನೆಚ್ಚಿಕೊಂಡಿದ್ದ ಅಲ್ಲಿನವರಿಗೆ ಸೇತುವೆ ಬೇಕಿತ್ತು. ಆಸ್ಪತ್ರೆಗೆ, ಸಂತೆಗೆ ಸುತ್ತಿಬಳಸಿ ಹೋಗುವುದು ತಪ್ಪುತ್ತಿತ್ತು. ಸೇತುವೆ ಕಟ್ಟಲು ಹೊರಟಾಗ ಸ್ಮಾರಕಗಳ ಪರಿಸರಕ್ಕೆ ಧಕ್ಕೆ ಎಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ ಆ ಸೇತುವೆಯೇ ಕುಸಿದುಬಿತ್ತು, ಕಾರ್ಮಿಕರು ಸತ್ತರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನೂ ಕೆಡವಲಾಯಿತು.

ಹಾಗಾದರೆ ಊರಿನವರಿಗೆ ಪ್ರವಾಸೋದ್ಯಮ ಬೇಡವೇ? ಬೇಕು. ಆಟೊ ಓಡಿಸುವವರು, ಗೈಡುಗಳು, ಎಳನೀರು ಮಾರುವವರು ನಂಬಿರುವುದೇ ಅದನ್ನು. ಅವರ ಸಿಟ್ಟು ಪ್ರವಾಸಿಗರ ಮೇಲಲ್ಲ. ತಮ್ಮ ಊರಿನ ನಕ್ಷೆ ಬರೆಯುವಾಗ ತಮ್ಮನ್ನು ಒಂದು ಮಾತು ಕೇಳುವುದಿಲ್ಲ ಎಂಬುದರ ಮೇಲೆ. ಮನೆ ಕಟ್ಟುವಾಗ ಸುಮ್ಮನಿದ್ದು, ಕಟ್ಟಿ ಬಾಳಿದ ಮೇಲೆ ಅಕ್ರಮ ಅನ್ನುವುದರ ಮೇಲೆ.

ನಮ್ಮಂಥ ವರದಿಗಾರರೂ ಇಂಥ ಸುದ್ದಿಗೆ 'ಒತ್ತುವರಿ ತೆರವು' ಎಂದು ತಲೆಬರಹ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಆ ಎರಡು ಪದಗಳಲ್ಲಿ ಮನೆ ಎಂಬ ಮಾತೇ ಇಲ್ಲ. ಕಲ್ಲು ಉಳಿಯಬೇಕು, ನಿಜ. ಆದರೆ ಹಂಪಿಯನ್ನು ಪಾಳುನಗರ ಅಂತಷ್ಟೇ ಬರೆದರೆ, ಅಲ್ಲಿ ಇಂದಿಗೂ ತೇರು ಎಳೆಯುವ ಕೈಗಳನ್ನು ನಾವೇ ಚರಿತ್ರೆಯಿಂದ ಹೊರಗೆ ಹಾಕಿದಂತಾಗುತ್ತದೆ.