ಯುದ್ಧಚಿತ್ರಮಾಲೆಗಳ ಪ್ರಾಮಾಣ್ಯ

ಮನೆಯಲ್ಲಿ ಕುಳಿತು ನೋಡುವುದಕ್ಕೆಂದು ಯುದ್ಧೇತಿಹಾಸದ ಸಾಕ್ಷ್ಯಚಿತ್ರಮಾಲೆಯೊಂದನ್ನು ಕೊಳ್ಳಹೊರಟವರು ಚಿತ್ರದ ಸ್ಪಷ್ಟತೆಯನ್ನೂ ನಿರೂಪಕನ ಕಂಠಗಾಂಭೀರ್ಯವನ್ನೂ ಕಂತುಗಳ ಸಂಖ್ಯೆಯನ್ನೂ ವಿಚಾರಿಸುವುದು ವಾಡಿಕೆ. ಆದರೆ ತೆರೆಯ ಮೇಲೆ ಕಾಣುವ ದೃಶ್ಯವು ಹೇಳಲ್ಪಟ್ಟ ಸ್ಥಳದಲ್ಲಿ, ಹೇಳಲ್ಪಟ್ಟ ದಿನದಂದು, ನಿಜವಾಗಿಯೂ ನಡೆದದ್ದೇ ಎಂಬ ಪ್ರಶ್ನೆಯನ್ನು ಇವೆಲ್ಲಕ್ಕೂ ಮೊದಲು ಕೇಳತಕ್ಕದ್ದೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ಪ್ರಶ್ನೆ ಯುದ್ಧಚಿತ್ರಗಳಷ್ಟೇ ಹಳೆಯದು. ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮೆಕ್‌ಡವೆಲ್ ಎಂಬ ಇಬ್ಬರು ಛಾಯಾಗ್ರಾಹಕರು ಫ್ರಾನ್ಸಿನ ರಣಭೂಮಿಯಲ್ಲಿ ತೆಗೆದ 'ದಿ ಬ್ಯಾಟಲ್ ಆಫ್ ದಿ ಸೋಮ್' ಚಿತ್ರವು, ಆ ಯುದ್ಧವಿನ್ನೂ ನಡೆಯುತ್ತಿರುವಾಗಲೇ, 1916ರ ಆಗಸ್ಟಿನಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂದಿತು; ಕೆಲವೇ ವಾರಗಳಲ್ಲಿ ಸುಮಾರು 2 ಕೋಟಿ ಟಿಕೆಟ್ಟುಗಳು ಮಾರಾಟವಾದುವೆಂದರೆ, ಮಕ್ಕಳನ್ನೂ ಪತಿಗಳನ್ನೂ ರಣರಂಗಕ್ಕೆ ಕಳುಹಿಸಿದ್ದ ಜನತೆಯ ಆರ್ತಕುತೂಹಲವನ್ನು ಊಹಿಸಬಹುದು. ಜುಲೈ 1ರ ಬೆಳಗ್ಗೆ 7 ಗಂಟೆ 20 ನಿಮಿಷಕ್ಕೆ ಹಾಥಾರ್ನ್ ದಿಬ್ಬದ ಕೆಳಗಿನ ಸುರಂಗ ಸ್ಫೋಟಿಸಿ ಮಣ್ಣು ಆಕಾಶಕ್ಕೆ ಚಿಮ್ಮಿದ ದೃಶ್ಯವನ್ನು ಮ್ಯಾಲಿನ್ಸನು ಅಲ್ಲಿಯೇ ನಿಂತು ಸೆರೆಹಿಡಿದನು. ಆ ಒಂದೇ ದಿನದಲ್ಲಿ ಬ್ರಿಟಿಷ್ ಸೇನೆಯ 19,000ಕ್ಕೂ ಹೆಚ್ಚು ಮಂದಿ ಮಡಿದರು. ಅದೇ ಚಿತ್ರದಲ್ಲಿ, ಕಂದಕದಿಂದ ಮೇಲೇರುವ ಸೈನಿಕರಲ್ಲೊಬ್ಬನು ಗುಂಡು ತಗುಲಿದವನಂತೆ ಹಿಂದಕ್ಕೆ ಜಾರಿಬೀಳುವ ಪ್ರಸಿದ್ಧ ದೃಶ್ಯವಾದರೋ, ರಣರಂಗದ ಹಿಂದಣ ತರಬೇತಿ ಶಾಲೆಯೊಂದರಲ್ಲಿ ಅಭಿನಯಿಸಿದ್ದು. ಸತ್ಯವೂ ಅಭಿನಯವೂ ಹೀಗೆ ಒಂದೇ ಸುರುಳಿಯಲ್ಲಿ ಸೇರಿಹೋದುವು. ಅನಂತರದ ಎಷ್ಟೋ ಚಿತ್ರಕಾರರು ಆ ಅಭಿನಯವನ್ನೇ ಎತ್ತಿಕೊಂಡು, ಮಹಾಯುದ್ಧದ ಸಾಕ್ಷಾತ್ ದೃಶ್ಯವೆಂಬಂತೆ ತೋರಿಸುತ್ತ ಬಂದರು.

1964ರಲ್ಲಿ ಬಿಬಿಸಿಯು 26 ಕಂತುಗಳ 'ದಿ ಗ್ರೇಟ್ ವಾರ್' ಮಾಲೆಯನ್ನು ಪ್ರಸಾರಮಾಡಿದಾಗ, ಕೈಯಿಂದ ತಿರುಗಿಸಿ ತೆಗೆದ ಹಳೆಯ ಚಿತ್ರಗಳಲ್ಲಿನ ಸೈನಿಕರ ನಗೆತರಿಸುವ ಅತಿವೇಗದ ಓಟವನ್ನು ತಂತ್ರಜ್ಞರು ಶ್ರಮವಹಿಸಿ ಸ್ವಾಭಾವಿಕ ನಡಿಗೆಗೆ ತಂದರು. ಇದು ಸ್ತುತ್ಯವಾದ ಕಾರ್ಯ. ಆದರೆ ಯಥಾರ್ಥ ಚಿತ್ರಗಳ ನಡುವೆ ಪುನರ್ರಚಿತ ದೃಶ್ಯಗಳನ್ನು ಸೂಚನೆಯಿಲ್ಲದೆ ಬೆರೆಸಿದುದಕ್ಕೆ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ನಿರ್ದೇಶಕರಾದ ನೋಬಲ್ ಫ್ರಾಂಕ್‌ಲ್ಯಾಂಡರು ಆಕ್ಷೇಪವೆತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಸ್ವತಃ ಬಾಂಬರ್ ವಿಮಾನಗಳಲ್ಲಿ ಹಾರಿ, ಆ ವೈಮಾನಿಕ ಸಮರದ ಅಧಿಕೃತ ಇತಿಹಾಸವನ್ನು ಬರೆದವರಲ್ಲಿ ಒಬ್ಬರಾದ ಅವರಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವಿದ್ದಿತು.

ಅವರೇ ಐತಿಹಾಸಿಕ ಸಲಹೆಗಾರರಾಗಿ, ಜೆರೆಮಿ ಐಸಾಕ್ಸರ ನೇತೃತ್ವದಲ್ಲಿ ಥೇಮ್ಸ್ ಟೆಲಿವಿಷನ್ ಸಂಸ್ಥೆ ನಿರ್ಮಿಸಿ, 1973ರ ಅಕ್ಟೋಬರ್ 31ರಿಂದ ಪ್ರಸಾರಮಾಡಿದ ಎರಡನೆಯ ಮಹಾಯುದ್ಧವನ್ನು ಕುರಿತ 'ದಿ ವರ್ಲ್ಡ್ ಅಟ್ ವಾರ್' ಮಾಲೆಯು ಇಂದಿಗೂ ಈ ಜಾತಿಯ ಕೃತಿಗಳಿಗೆ ಒರೆಗಲ್ಲಾಗಿದೆ. 1944ರ ಜೂನ್ 10ರಂದು ನಾಜಿ ಸೈನಿಕರು ನಿರ್ಜನಗೊಳಿಸಿದ ಫ್ರೆಂಚ್ ಗ್ರಾಮ ಒರಾಡೂರಿನ ಪಾಳುಗೋಡೆಗಳಿಂದ ಅದು ಆರಂಭವಾಗುತ್ತದೆ. ಲಾರೆನ್ಸ್ ಒಲಿವಿಯರರ ಮಿತವಾದ ನಿರೂಪಣೆ ಎಲ್ಲಿಯೂ ಅಬ್ಬರಿಸುವುದಿಲ್ಲ. ಹಿಟ್ಲರನ ಕಾರ್ಯದರ್ಶಿನಿ ಟ್ರೌಡ್ಲ್ ಯುಂಗೆ, ಮಂತ್ರಿ ಆಲ್ಬರ್ಟ್ ಸ್ಪೇರ್ ಮೊದಲಾದವರು ಮಾತ್ರವಲ್ಲದೆ, ಹೆಸರಿಲ್ಲದೆ ಯುದ್ಧವನ್ನು ಸಹಿಸಿದ ಸಾಮಾನ್ಯ ಗೃಹಿಣಿಯರೂ ನಾವಿಕರೂ ತಮ್ಮ ಮುಖದಿಂದಲೇ ಮಾತನಾಡುತ್ತಾರೆ. ಆ ಸಾಕ್ಷಿಗಳು ಇನ್ನೂ ಬದುಕಿದ್ದ ಕಾಲದಲ್ಲಿ ಈ ಕೆಲಸ ನಡೆದದ್ದು ಇತಿಹಾಸದ ಸುದೈವ. ಇನ್ನೊಮ್ಮೆ ಅದನ್ನು ಯಾರೂ ಮಾಡಲಾರರು.

ಇಂಥ ಕೃತಿಗೂ ಮನೆಗೆ ಬರುವ ಹಾದಿಯಲ್ಲಿ ಹಾನಿ ತಪ್ಪಲಿಲ್ಲ. 2010ರ ಬ್ಲೂ-ರೇ ಆವೃತ್ತಿಗಾಗಿ ಚಿತ್ರವನ್ನು ಗೀರು ಕಲೆಗಳಿಲ್ಲದಂತೆ ಶುದ್ಧಗೊಳಿಸಿದರೂ, ಇಂದಿನ ಅಗಲವಾದ ಪರದೆಗೆ ಹೊಂದಿಸುವ ಸಲುವಾಗಿ ಮೇಲಿನಿಂದಲೂ ಕೆಳಗಿನಿಂದಲೂ ಕತ್ತರಿಸಿದರು. 4:3ರ ಚೌಕಟ್ಟನ್ನು 16:9ಕ್ಕೆ ಇಳಿಸಿದರೆ ಚಿತ್ರದ ಕಾಲುಭಾಗವೇ ಹೋಗುತ್ತದೆ. ಪ್ರಾಣವನ್ನು ಪಣಕ್ಕಿಟ್ಟು ಛಾಯಾಗ್ರಾಹಕನು ಕಟ್ಟಿದ ಚೌಕಟ್ಟೂ ಇತಿಹಾಸದ ಪ್ರಮಾಣವೇ ಆದುದರಿಂದ, ಕೊಂಚ ಮಸುಕಾಗಿದ್ದರೂ ಮೂಲದ ಆಕಾರವನ್ನು ಉಳಿಸಿಕೊಂಡಿರುವ ಹಿಂದಿನ ಡಿವಿಡಿಗಳನ್ನೇ ನಾನು ಆರಿಸುತ್ತೇನೆ.

ಭಾರತೀಯ ಪ್ರೇಕ್ಷಕನು ಮತ್ತೊಂದನ್ನೂ ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆ ಸುಮಾರು 25 ಲಕ್ಷ ಮಂದಿಯಷ್ಟು ಬೆಳೆದಿದ್ದಿತು. 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಶತ್ರುವನ್ನು ತಡೆದ ಹದಿನಾಲ್ಕನೆಯ ಸೈನ್ಯದಲ್ಲಿ ಬಹುಪಾಲು ನಮ್ಮವರೇ ಇದ್ದರು. 26 ಕಂತುಗಳ 'ದಿ ವರ್ಲ್ಡ್ ಅಟ್ ವಾರ್' ಮಹಾಕೃತಿಯಲ್ಲಾದರೋ ಬರ್ಮಾ ರಣರಂಗಕ್ಕೆ ಮೀಸಲಾದದ್ದು ಒಂದೇ ಕಂತು.