ಕುಚ್ಚಲಕ್ಕಿ, ಬೆಳ್ತಿಗೆ ಮತ್ತು ಎರಡು ವಾರ್ಡುಗಳ ಲೆಕ್ಕ

ಇವತ್ತಿನ ವಿಷಯಕ್ಕೆ ಬರೋ ಮೊದಲು ನನ್ನ ಮರ್ಯಾದೆ ಹೋದ ಒಂದು ಕಥೆ ಹೇಳಿಬಿಡ್ತೀನಿ.

ಬಿ.ಕಾಂ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಮ್ಮೂರಿನ ಒಂದು ಬಟ್ಟೆ ಅಂಗಡಿಯ ಲೆಕ್ಕ ತಗೊಂಡಿದ್ದೆ. ಡಿಸ್ಕೌಂಟ್ ಇದ್ದ ವಾರ ಎಷ್ಟು ಮಾರಾಟ, ಇಲ್ಲದ ವಾರ ಎಷ್ಟು ಅಂತ ಹೋಲಿಸಿ, ‘ಡಿಸ್ಕೌಂಟ್ ಕೊಟ್ಟರೆ ಮಾರಾಟ ಏರುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ವೈವಾದಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಆ ಡಿಸ್ಕೌಂಟ್ ವಾರ ದೀಪಾವಳಿ ಇತ್ತಲ್ವಾ?”

ಇತ್ತು.

ಪುಸ್ತಕದ ಭಾಷೆಯಲ್ಲಿ ಹೇಳೋದಾದ್ರೆ, ನಾವು ಬದಲಾಯಿಸುವ ಅಂಶ ಸ್ವತಂತ್ರ ಚರ, ಅಂದ್ರೆ ಇಂಡಿಪೆಂಡೆಂಟ್ ವೇರಿಯಬಲ್. ಅದರಿಂದಾಗಿ ಬದಲಾಗಬಹುದು ಅಂತ ನಾವು ಅಳೆಯುವ ಅಂಶ ಅವಲಂಬಿತ ಚರ, ಡಿಪೆಂಡೆಂಟ್ ವೇರಿಯಬಲ್. ನನ್ನ ಲೆಕ್ಕದಲ್ಲಿ ಡಿಸ್ಕೌಂಟ್ ಮೊದಲನೆಯದು, ಮಾರಾಟ ಎರಡನೆಯದು. ಹೆಸರು ಸರಿಯಾಗೇ ಬರೆದಿದ್ದೆ. ಆದರೆ ಡಿಸ್ಕೌಂಟಿನ ಜೊತೆಗೇ ಹಬ್ಬವೂ ಬಂದಿತ್ತು. ಯಾವುದರಿಂದ ಮಾರಾಟ ಏರಿತು ಅಂತ ಹೇಳೋಕೆ ನನ್ನ ಹತ್ರ ದಾರಿನೇ ಇರಲಿಲ್ಲ.

ನನಗೆ ಹೋಗಿದ್ದು ಒಂದಿಷ್ಟು ಮಾರ್ಕ್ಸ್. ಇದೇ ಗೊಂದಲ ಒಂದು ಕಾಯಿಲೆಯ ವಿಷಯದಲ್ಲಿ ಆದಾಗ ಜನರ ಜೀವವೇ ಹೋಗಿದೆ. ಆ ಕಾಯಿಲೆಯ ಹೆಸರು ಬೆರಿಬೆರಿ.

ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗ. ಆಗ್ನೇಯ ಏಷ್ಯಾದಲ್ಲಿ ಜೈಲು, ಸೈನ್ಯದ ಬ್ಯಾರಕ್, ಗಣಿಗಳಲ್ಲಿ ಜನ ಸಾಯುತ್ತಿದ್ದರು. ಮೊದಲು ಕಾಲು ಜೋಮು, ಆಮೇಲೆ ನಡೆಯಲಾಗದ ಸ್ಥಿತಿ, ಮೈ ಊತ, ಕೊನೆಗೆ ಹೃದಯವೇ ಸೋಲುತ್ತಿತ್ತು. ರೋಗಾಣುಗಳ ಸಂಶೋಧನೆ ಜೋರಾಗಿದ್ದ ಕಾಲ ಅದು. ಹಾಗಾಗಿ ಇದಕ್ಕೂ ಒಂದು ಬ್ಯಾಕ್ಟೀರಿಯಾ ಇರಲೇಬೇಕು ಅಂತ ಹುಡುಕಲು ಡಚ್ ಸರ್ಕಾರ 1886ರಲ್ಲಿ ಜಾವಾಕ್ಕೆ ವೈದ್ಯರ ತಂಡ ಕಳಿಸಿತು. ಅದರ ಜೊತೆ ಬಂದವರು ಕ್ರಿಶ್ಚಿಯಾನ್ ಐಕ್ಮನ್. ತಂಡ ವಾಪಸ್ ಹೋಯಿತು, ಐಕ್ಮನ್ ಬಟೇವಿಯಾದಲ್ಲೇ, ಅಂದ್ರೆ ಇವತ್ತಿನ ಜಕಾರ್ತಾದಲ್ಲೇ, ಉಳಿದರು.

ಅವರ ಲ್ಯಾಬಿನ ಕೋಳಿಗಳಿಗೆ ಒಮ್ಮೆ ಕಾಲು ಬಿದ್ದುಹೋಯಿತು. ಲಕ್ಷಣವೆಲ್ಲ ಬೆರಿಬೆರಿ ತರಹವೇ. ಕೆಲವು ತಿಂಗಳ ನಂತರ ತಾವಾಗಿಯೇ ಗುಣವೂ ಆದವು. ಏನು ಬದಲಾಯ್ತು ಅಂತ ವಿಚಾರಿಸಿದರೆ, ಸಿಕ್ಕಿದ್ದು ಅಡುಗೆಮನೆಯ ಸುದ್ದಿ. ಲ್ಯಾಬಿನ ಕೆಲಸದವನು ಖರ್ಚು ಉಳಿಸಲು ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದ. ಆಮೇಲೆ ಹೊಸ ಅಡುಗೆಯವನು ಬಂದ. ಮಿಲಿಟರಿ ಅನ್ನ ಮಿಲಿಟರಿಯದ್ದಲ್ಲದ ಕೋಳಿಗೆ ಯಾಕೆ ಕೊಡಬೇಕು ಅಂತ ನಿಲ್ಲಿಸಿಬಿಟ್ಟ! ಕೋಳಿಗಳಿಗೆ ಮತ್ತೆ ಪಾಲಿಶ್ ಆಗದ ಅಕ್ಕಿ ಸಿಕ್ಕಿತು, ಎದ್ದು ನಿಂತವು.

ಈಗ ಐಕ್ಮನ್ ಬೇಕೆಂದೇ ಅಕ್ಕಿ ಬದಲಾಯಿಸಿ ನೋಡಿದರು. ಬಿಳಿ ಅಕ್ಕಿ ಕೊಟ್ಟರೆ ಕಾಯಿಲೆ, ತೌಡು ಸೇರಿಸಿದರೆ ಗುಣ. ಆದರೆ ಅದು ಕೋಳಿ. ಮನುಷ್ಯರ ಕಥೆ?

ಜಾವಾದ ಆರೋಗ್ಯ ಅಧಿಕಾರಿ ಅಡಾಲ್ಫ್ ವೋರ್ಡರ್‌ಮನ್ ಅಲ್ಲಿನ 101 ಜೈಲುಗಳ ಲೆಕ್ಕ ತೆಗೆದರು. ಯಾವ ಜೈಲಲ್ಲಿ ಯಾವ ಅಕ್ಕಿ, ಎಷ್ಟು ಜನರಿಗೆ ಬೆರಿಬೆರಿ ಅಂತ ನೋಡಿದರು. 1897ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಬಿಳಿ ಅಕ್ಕಿಯ ಜೈಲುಗಳಲ್ಲಿ 39 ಕೈದಿಗಳಿಗೆ ಒಬ್ಬರಂತೆ ಕಾಯಿಲೆ. ಪಾಲಿಶ್ ಆಗದ ಅಕ್ಕಿಯ ಜೈಲುಗಳಲ್ಲಿ ಸುಮಾರು 10,000ಕ್ಕೆ ಒಬ್ಬರು. ಕಟ್ಟಡ ಎಷ್ಟು ಹಳೆಯದು, ಗಾಳಿ ಎಷ್ಟು ಬರುತ್ತದೆ, ಜನ ಎಷ್ಟು ಕಿಕ್ಕಿರಿದಿದ್ದಾರೆ ಅನ್ನೋದನ್ನೂ ಅವರು ಬರೆದುಕೊಂಡಿದ್ದರು. ಅವುಗಳಿಗೂ ಕಾಯಿಲೆಗೂ ಸಂಬಂಧ ಕಾಣಲಿಲ್ಲ. ನೋಡಿ, ‘ದೀಪಾವಳಿ ಇತ್ತಾ?’ ಎಂಬ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಂಡಿದ್ದರು.

ಆದರೂ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ಜೈಲಿನಿಂದ ಜೈಲಿಗೆ ನೂರು ವ್ಯತ್ಯಾಸ ಇರುತ್ತದಲ್ಲ?

ಇಲ್ಲಿಂದ ಕಥೆ ಬ್ರಿಟಿಷರ ಮಲಯಾಕ್ಕೆ ಹೋಗುತ್ತದೆ. ಅಲ್ಲಿನ ವೈದ್ಯ ಬ್ರಾಡನ್ ಒಂದು ವಿಷಯ ಗಮನಿಸಿದ್ದರು. ಬಿಳಿ ಅಕ್ಕಿ ತಿನ್ನುವ ಚೀನೀ ಗಣಿ ಕಾರ್ಮಿಕರಿಗೆ ಬೆರಿಬೆರಿ ಬಹಳ. ಕುಚ್ಚಲಕ್ಕಿ ತಿನ್ನುವ ತಮಿಳು ಕೂಲಿಗಳಿಗೆ ಅಪರೂಪ. ಆದರೆ ಈ ಎರಡು ಗುಂಪಿನ ಕೆಲಸ ಬೇರೆ, ವಾಸ ಬೇರೆ, ಪಲ್ಯ ಸಾರು ಎಲ್ಲ ಬೇರೆ. ಇಲ್ಲೂ ದೀಪಾವಳಿ!

ಕ್ವಾಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ಬೆರಿಬೆರಿ ವಿಪರೀತವಾದಾಗ, ವೈದ್ಯ ವಿಲಿಯಂ ಫ್ಲೆಚರ್ 1905ರ ಡಿಸೆಂಬರ್‌ನಲ್ಲಿ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ನಂಬರ್ ಎಣಿಸಿದರು. ಬೆಸ ಸಂಖ್ಯೆಯವರು ಒಂದು ವಾರ್ಡಿಗೆ, ಸಮ ಸಂಖ್ಯೆಯವರು ಇನ್ನೊಂದಕ್ಕೆ. ಒಂದು ಗುಂಪಿಗೆ ಸಿಯಾಮಿನ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತದಿಂದ ಬಂದ ಕುಚ್ಚಲಕ್ಕಿ. ಉಳಿದ ಊಟವೆಲ್ಲ ಒಂದೇ. ‘ಆ ವಾರ್ಡಿನ ಜಾಗವೇ ಸರಿಯಿಲ್ಲದಿದ್ದರೆ?’ ಎಂಬ ಅನುಮಾನಕ್ಕೆ, ನಡುವೆ ಎರಡೂ ಗುಂಪುಗಳ ವಾರ್ಡುಗಳನ್ನೇ ಅದಲು ಬದಲು ಮಾಡಿದರು. ಅಕ್ಕಿ ಮಾತ್ರ ಅವರವರದ್ದೇ.

ಸುಮಾರು ಒಂದು ವರ್ಷ. ಪ್ರತಿ ಗುಂಪಿನಲ್ಲೂ 120ರ ಆಸುಪಾಸು ಜನ. ಕುಚ್ಚಲಕ್ಕಿ ಗುಂಪಿನಲ್ಲಿ ಬೆರಿಬೆರಿ ಇದ್ದವರು ಇಬ್ಬರೇ, ಅವರೂ ಆಸ್ಪತ್ರೆಗೆ ಬರುವಾಗಲೇ ಅದನ್ನು ತಂದಿದ್ದರು. ಬೆರಿಬೆರಿಯಿಂದ ಸತ್ತವರು ಯಾರೂ ಇಲ್ಲ. ಬಿಳಿ ಅಕ್ಕಿ ಗುಂಪಿನಲ್ಲಿ 18 ಜನ ಸತ್ತರು.

ಸ್ವತಂತ್ರ ಚರ: ಅಕ್ಕಿ. ಅವಲಂಬಿತ ಚರ: ಆ 18 ಜನ. ಈ ಸಾಲು ಬರೆಯುವಾಗ ನನ್ನ ಕೈ ಸ್ವಲ್ಪ ಹೊತ್ತು ನಿಂತಿತು. ರೋಗಿಗಳ ಒಪ್ಪಿಗೆ ಕೇಳಬೇಕೆಂಬ ನಿಯಮ ಆಗ ಇರಲಿಲ್ಲ. ಸಾಲಿನಲ್ಲಿ ಒಬ್ಬರ ಪಕ್ಕ ನಿಂತಿದ್ದರೆ ಕುಚ್ಚಲಕ್ಕಿ, ಇನ್ನೊಬ್ಬರ ಪಕ್ಕ ನಿಂತಿದ್ದರೆ ಬಿಳಿ ಅಕ್ಕಿ. ಅಷ್ಟರ ಮೇಲೆ ಬದುಕು ನಿಂತಿತ್ತು. ಆ ಲೆಕ್ಕ ಎಷ್ಟೋ ಜನರ ಜೀವ ಉಳಿಸಲು ದಾರಿ ಮಾಡಿತು, ನಿಜ. ಆದರೆ ಅದನ್ನು ಮೆಚ್ಚುವಾಗ ಈ 18 ಜನರನ್ನು ಬಿಟ್ಟು ಮೆಚ್ಚಲು ನನಗೆ ಆಗಲ್ಲ.

ಇನ್ನೊಂದು ಮಾತು. ಚರ ಸರಿಯಾಗಿ ಸಿಕ್ಕರೂ ಕಾರಣ ಪೂರ್ತಿ ಸಿಕ್ಕಂತಲ್ಲ. ಬಿಳಿ ಅಕ್ಕಿಯ ಪಿಷ್ಟದಲ್ಲಿ ವಿಷವಿದೆ, ತೌಡು ಅದಕ್ಕೆ ಮದ್ದು ಅಂತ ಐಕ್ಮನ್ ಅಂದುಕೊಂಡಿದ್ದರು. ವಿಷ ಇರೋದಲ್ಲ, ದೇಹಕ್ಕೆ ಬೇಕಾದದ್ದೇನೋ ಇಲ್ಲದಿರೋದೇ ಕಾರಣ ಅಂತ 1901ರಲ್ಲಿ ಹೇಳಿದವರು ಅವರ ನಂತರ ಅದೇ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್. 1926ರಲ್ಲಿ ಜಾವಾದಲ್ಲೇ ಆ ವಸ್ತುವನ್ನು ತೌಡಿನಿಂದ ಬೇರ್ಪಡಿಸಿದರು. ಇವತ್ತು ನಾವು ಅದನ್ನು ವಿಟಮಿನ್ ಬಿ1 ಅಂತೀವಿ. 1929ರ ನೊಬೆಲ್ ಐಕ್ಮನ್‌ಗೆ ಬಂತು, ಹಾಪ್ಕಿನ್ಸ್ ಜೊತೆಗೆ. ಗ್ರೈನ್ಸ್‌ಗೆ ಬರಲಿಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಗಂಜಿಗೆ ಕುಚ್ಚಲಕ್ಕಿ, ದೋಸೆಗೆ ಬೆಳ್ತಿಗೆ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ. ನಮ್ಮ ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ. “ಬೆಳ್ತಿಗೆ ಅನ್ನ ಉಂಡರೆ ಹೊಟ್ಟೆ ನಿಲ್ಲೂದಿಲ್ಲ ಮಗಾ” ಅಂತಿದ್ದರು, ಅಷ್ಟೇ. ಹಾಗಂತ ಅಜ್ಜಿ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಯಾವುದು ಸರಿ ಅಂತ ತಿಳಿಯೋಕೆ ವಾರ್ಡು ಅದಲು ಬದಲು ಮಾಡಿ ನೋಡಬೇಕಾಗುತ್ತದೆ.

ಇನ್ನು ಮುಂದೆ ಯಾರಾದ್ರೂ ‘ಇದು ಮಾಡಿದ್ದಕ್ಕೇ ಅದು ಆಯ್ತು’ ಅಂದ್ರೆ, ಜಗಳ ಬೇಡ. ಮೇಡಂ ನನ್ನನ್ನು ಕೇಳಿದಂತೆ ಮೆಲ್ಲಗೆ ಕೇಳಿ: ಆ ವಾರ ದೀಪಾವಳಿ ಇತ್ತಾ?