ವಿಳಾಸವಿರುವ ಕಲ್ಲುಗಳು

ಈಚಿನ ವರ್ಷಗಳಲ್ಲಿ ಹೊರದೇಶಗಳಿಂದ ನಮ್ಮ ಯುವಕರವರೆಗೂ ಬಂದಿರುವ ಆಟವೊಂದುಂಟು, ಹೆಸರು ಜಿಯೋಕ್ಯಾಶಿಂಗ್. ಒಬ್ಬನು ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕವನ್ನೂ ಒಂದೆರಡು ಅಗ್ಗದ ವಸ್ತುಗಳನ್ನೂ ಇಟ್ಟು, ಬಂಡೆಯ ಸಂದಿನಲ್ಲೋ ಮರದ ಬುಡದಲ್ಲೋ ಅದನ್ನು ಬಚ್ಚಿಡುತ್ತಾನೆ. ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾನೆ. ಮಿಕ್ಕವರು ಉಪಗ್ರಹಗಳ ಸಂಕೇತ ಹಿಡಿಯುವ ಯಂತ್ರದೊಡನೆ ಹೋಗಿ, ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರಬೇಕು. ನಾಗರಿಕರಿಗೆ ದೊರೆಯುತ್ತಿದ್ದ ಉಪಗ್ರಹ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದ ಅಮೆರಿಕ ಸರ್ಕಾರ, 2000ದ ಮೇ 2ರಂದು ಆ ಪದ್ಧತಿಯನ್ನು ನಿಲ್ಲಿಸಿತು. ನೂರು ಮೀಟರಿನಷ್ಟು ತಪ್ಪುತ್ತಿದ್ದ ಲೆಕ್ಕ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮರುದಿನವೇ ಆರಿಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಕಪ್ಪು ಬಕೆಟ್ಟನ್ನು ಬಚ್ಚಿಟ್ಟು ಆಟಕ್ಕೆ ನಾಂದಿ ಹಾಡಿದ. ಅದರೊಳಗೆ ಪುಸ್ತಕಗಳ ಜೊತೆಗೆ ಒಂದು ಕವಣೆಯೂ ಬೇಯಿಸಿದ ಕಾಳಿನ ಒಂದು ಡಬ್ಬಿಯೂ ಇದ್ದುವಂತೆ.

ಉಪಗ್ರಹಗಳಿಲ್ಲದ ಕಾಲದಲ್ಲಿಯೂ ಈ ಚಪಲವಿದ್ದಿತು. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬೀಳುಭೂಮಿಯ ನಡುವೆ, ಕ್ರಾನ್ಮಿಯರ್ ಕೊಳದ ಬಳಿ, 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಒಂದು ಸೀಸೆಯನ್ನಿಟ್ಟನು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಹೋಗುತ್ತಿದ್ದರು.

ಇದನ್ನೆಲ್ಲ ಓದಿದಾಗ ನನಗೆ ನೆನಪಾದದ್ದು ನಮ್ಮ ಸೀಮೆಯದೇ ಒಂದು ದಪ್ಪ ಪುಸ್ತಕ: 1894ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ. ಅದನ್ನು ಸಿದ್ಧಪಡಿಸಿದವರು ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬೆಂಜಮಿನ್ ಲೂಯಿ ರೈಸರು. ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಸಂಸ್ಥಾನವನ್ನು ಸುತ್ತುತ್ತಿದ್ದ ಅವರಿಗೆ ಊರೂರಿನ ಕಲ್ಲುಗಳು ಕಣ್ಣಿಗೆ ಬಿದ್ದುವು. ಮೇಜರ್ ಡಿಕ್ಸನ್ ಎಂಬಾತ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳು ಆಸೆಯನ್ನು ಹೆಚ್ಚಿಸಿದುವು. 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳು ಹೊರಬಂದುವು. ಒಳಗೊಂಡ ಶಾಸನಗಳು ಸುಮಾರು ಒಂಬತ್ತು ಸಾವಿರ. ಮೂರನೆಯದರಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳೆರಡೂ ಸೇರಿವೆ.

ಪಂಡಿತರಿಗೆ ಆ ಸಂಪುಟದಲ್ಲಿ ಬೇಕಾದದ್ದು ಶಾಸನದ ಪಾಠ. ನನಗೆ ಅಷ್ಟೇ ರುಚಿಸಿದ್ದು ಪ್ರತಿ ಪಾಠದ ನೆತ್ತಿಯ ಮೇಲಿರುವ ವಿಳಾಸ. ಇಂಥ ಹೋಬಳಿ, ಇಂಥ ಗ್ರಾಮ, ದೇವಾಲಯದ ಮುಂದೆ ನೆಟ್ಟ ಕಲ್ಲು; ಅದೇ ಗ್ರಾಮದ ಕೆರೆಯ ತೂಬಿನ ಬಳಿ; ಇಂಥವನ ಹೊಲದಲ್ಲಿ, ಊರಿನಿಂದ ಇಂಥ ದಿಕ್ಕಿಗೆ. ಅಕ್ಷಾಂಶವೂ ಇಲ್ಲ, ರೇಖಾಂಶವೂ ಇಲ್ಲ. ಆದರೆ ಈ ಒಂದೊಂದು ಸಾಲೂ ಹುಡುಕುವವನನ್ನು ಕೈಬೀಸಿ ಕರೆಯುತ್ತದೆ. ಅಲ್ಮರನ ಬಕೆಟ್ಟಿಗೆ ನೂರಾರು ವರ್ಷ ಮೊದಲೇ ನಮ್ಮ ಹೊಲಗದ್ದೆಗಳಲ್ಲಿ ಆಟದ ಪೆಟ್ಟಿಗೆಗಳನ್ನು ಇಟ್ಟಾಗಿತ್ತು. ರೈಸರು ಅವುಗಳ ಪಟ್ಟಿ ಮಾಡಿಕೊಟ್ಟರು. ಒಂದೇ ವ್ಯತ್ಯಾಸ: ಡಬ್ಬಿ ಕಳೆದರೆ ಇನ್ನೊಂದನ್ನು ಇಡಬಹುದು.

ಮೈಸೂರು–ನಂಜನಗೂಡು ದಾರಿಯ ತಾಂಡ್ಯದಿಂದ ಹೊರಟರೆ ಎರಡು ತಾಲ್ಲೂಕುಗಳ ಊರುಗಳೂ ಸೈಕಲ್ಲಿನ ಅಳವಿಗೆ ಸಿಕ್ಕುತ್ತವೆ. ಈ ಹವ್ಯಾಸದ ತೊಡಕು ಏನೆಂಬುದನ್ನೂ ತಾಂಡ್ಯದಲ್ಲಿಯೇ ಕಾಣಬಹುದು. ಒಂದು ಕಾಲದ ಹೊಲಗಳಲ್ಲಿ ಈಗ ಕೈಗಾರಿಕಾ ಪ್ರದೇಶದ ಗೋಡೆಗಳೂ ಗೇಟುಗಳೂ ಎದ್ದಿವೆ. ‘ಇಂಥವನ ಹೊಲ’ ಎಂಬ ವಿಳಾಸ ಹಿಡಿದು ಇಂಥ ಕಡೆ ಯಾರನ್ನು ಕೇಳುವುದು? ಹೊಲದ ಒಡೆಯ ಹೋದ, ಮಗ ಮಾರಿದ, ಕೊಂಡವನು ಬದು ಒಡೆಸಿದ. ದೇವಾಲಯದ ಮುಂದಿನ ಕಲ್ಲಿಗೆ ಅಷ್ಟು ಭಯವಿಲ್ಲವೆಂದುಕೊಂಡರೆ, ಜೀರ್ಣೋದ್ಧಾರದ ಹೆಸರಿನಲ್ಲಿ ಅದಕ್ಕೆ ಬಣ್ಣ ಬಳಿದಿರುತ್ತಾರೆ. ಇಲ್ಲವೇ ಮೆಟ್ಟಿಲು ಮಾಡಿ ಅಕ್ಷರಗಳನ್ನು ಕೆಳಮುಖವಾಗಿ ಹಾಸಿರುತ್ತಾರೆ. ನಾನು ಹುಡುಕಿದ ಕಲ್ಲೊಂದು ಬಟ್ಟೆ ಒಗೆಯುವ ಬಂಡೆಯಾಗಿತ್ತು. ಮೂರು ತಲೆಮಾರಿನ ಸೋಪು ಅದನ್ನು ನುಣುಪು ಮಾಡಿತ್ತು.

ಕಳೆದುಹೋಗುವುದು ಎಷ್ಟು ದೊಡ್ಡದೆಂಬುದಕ್ಕೆ ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಶಾಸನವೊಂದೇ ಸಾಕು. ರೈಸರ ಎಣಿಕೆಯಲ್ಲಿ ಆ ತಾಲ್ಲೂಕಿನ 91ನೆಯದು. ಒಂಬತ್ತನೆಯ ಶತಮಾನದ ಗಂಗರ ದೊರೆ ನೀತಿಮಾರ್ಗನ ಸಾವಿನ ಸ್ಮಾರಕವದು. ಶಿಲ್ಪದಲ್ಲಿ ದೊರೆ ಮರಣಶಯ್ಯೆಯ ಮೇಲಿದ್ದಾನೆ. ಮನೆವಗತಿಯಾದ ಸೇವಕ ಅಗರಯ್ಯ ಅವನಿಗೆ ಆಸರೆಯಾಗಿದ್ದಾನೆ. ಮಗ ಸತ್ಯವಾಕ್ಯ ಎದುರಿಗೆ ನಿಂತಿದ್ದಾನೆ. ಅಗರಯ್ಯ ದೊರೆಗೆ ಕೀಳ್ಗುಂಟೆಯಾದನೆಂದು ಶಾಸನ ಹೇಳುತ್ತದೆ, ಎಂದರೆ ಒಡೆಯನೊಡನೆ ತಾನೂ ಮಣ್ಣಾದನೆಂದು. ಈ ಕಲ್ಲು ಇಲ್ಲದಿದ್ದರೆ ಸೇವಕನೊಬ್ಬನ ಹೆಸರು ಹನ್ನೊಂದು ಶತಮಾನಗಳನ್ನು ದಾಟಿ ನಮ್ಮವರೆಗೆ ಬರುವ ಬೇರೆ ದಾರಿಯೇ ಇರಲಿಲ್ಲ. ಅವನ ನಿಷ್ಠೆಯನ್ನು ಹೊಗಳಬೇಕೋ, ಆ ಪದ್ಧತಿಗೆ ನಡುಗಬೇಕೋ, ನನಗೆ ಇನ್ನೂ ಬಗೆಹರಿದಿಲ್ಲ.

ಕಲ್ಲಿನ ದೊಡ್ಡ ಶತ್ರು ನೇಗಿಲಲ್ಲ, ಸೋಪೂ ಅಲ್ಲ, ನಿಧಿಯ ಭ್ರಮೆ. ದಾನಶಾಸನದ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೊರೆಯುತ್ತಿದ್ದರು, ದಾನವು ಅವರಿರುವ ತನಕ ನಡೆಯಲೆಂದು. ಜೊತೆಗೆ ಲಿಂಗ, ಹಸು, ಕರು. ಇವನ್ನೆಲ್ಲ ಕೆಳಗೆ ಹೊನ್ನು ಹೂತಿರುವ ಗುರುತೆಂದು ತಿಳಿದ ಕಳ್ಳರು ಅಮಾವಾಸ್ಯೆಯ ರಾತ್ರಿ ಹಾರೆ ಹಾಕಿ ಕಲ್ಲನ್ನೆತ್ತುತ್ತಾರೆ, ಒಡೆಯುತ್ತಾರೆ. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗುವನೆಂಬ ಶಾಪ ಅದೇ ಕಲ್ಲಿನಲ್ಲಿರುತ್ತದೆ. ಓದಬಲ್ಲವನು ಹಾರೆ ಹಿಡಿಯುವುದಿಲ್ಲ, ಹಾರೆ ಹಿಡಿದವನಿಗೆ ಓದು ಬರುವುದಿಲ್ಲ. ನೆಲದಲ್ಲಿ ಸಿಕ್ಕ ನಿಕ್ಷೇಪವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ 1878ರಷ್ಟು ಹಿಂದಿನಿಂದಲೂ ಇದೆ.

ಇದರ ಫಲ ನಮ್ಮಂಥವರ ಮೇಲೂ ಬೀಳುತ್ತದೆ. ಹೊಲದ ಬದುವಿನಲ್ಲಿ ಬಗ್ಗಿ ಕಲ್ಲು ನೋಡುತ್ತಿದ್ದಾಗ ಹಿಂದಿನಿಂದ ಒಂದು ದನಿ: “ಏನ್ ಸ್ವಾಮಿ, ನಿಧಿ ಹುಡ್ಕಕ್ ಬಂದಿದ್ದೀರಾ?” ಹೇಳಿದವರ ಕೈಯಲ್ಲಿ ಮಚ್ಚೂ ಇತ್ತು, ಸೊಪ್ಪು ಕೊಯ್ಯುವುದಕ್ಕೆ. “ಇಲ್ಲ ಯಜಮಾನ್ರೆ, ಓದಕ್ಕೆ” ಎಂದೆ. ಅವರ ಊರಿನ ಹೆಸರಿದ್ದ ಪುಟವನ್ನು ತೋರಿಸಿದ ಮೇಲೆ ಮುಖ ಸಡಿಲವಾಯಿತು. ನನಗೆ ತಿಳಿಯದಿದ್ದ ಇನ್ನೊಂದು ಕಲ್ಲಿನ ಬಳಿಗೆ ತಾವೇ ಕರೆದೊಯ್ದರು. ಆದ್ದರಿಂದ ಈ ಹವ್ಯಾಸಕ್ಕೆ ಹೊರಡುವವರು ಮೊದಲು ಊರೊಳಕ್ಕೆ ಹೋಗಲಿ. ಅಂಗಡಿಯ ಜಗಲಿಯಲ್ಲಿ ಕುಳಿತು ಬಂದ ಕಾರಣ ಹೇಳಲಿ. ಉಪಗ್ರಹಕ್ಕೆ ಹೊಲ ಗೊತ್ತು, ಹೊಲದ ಹಳೆಯ ಹೆಸರು ಗೊತ್ತಿಲ್ಲ. ಊರವರಿಗೆ ನೀವು ಎತ್ತ ಹೋದಿರೆಂಬುದು ತಿಳಿದಿದ್ದರೆ ಹೊತ್ತಿಗೆ ಸರಿಯಾಗಿ ಹಿಂದಿರುಗದಾಗ ಹುಡುಕುವವರೂ ಇರುತ್ತಾರೆ.

ಹುಡುಕಬೇಕಾದ ಪ್ರಸಂಗ ಬರುವುದೇ ಇಲ್ಲವೆನ್ನಬೇಡಿ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನರಸೀಪುರ ತಾಲ್ಲೂಕೊಂದರಲ್ಲೇ ನಾಲ್ವರು ಚಿರತೆಗೆ ಬಲಿಯಾದರು. ಮೊದಲನೆಯವನು ಬೆಟ್ಟಕ್ಕೆ ಹೋಗಿದ್ದ ಕಾಲೇಜು ವಿದ್ಯಾರ್ಥಿ. ಕೊನೆಯವನು ಒಬ್ಬ ಬಾಲಕ. ಆಳೆತ್ತರದ ಕಬ್ಬು ಚಿರತೆಗೆ ಕಾಡಿಗಿಂತ ಒಳ್ಳೆಯ ಮನೆ. ನಂಜನಗೂಡು ತಾಲ್ಲೂಕಿನ ದಕ್ಷಿಣಕ್ಕೆ, ಹೆಡಿಯಾಲದ ಕಾಡಂಚಿನಲ್ಲಿ, ಆನೆ ಹುಲಿಗಳೂ ಉಂಟು.

ಇಲ್ಲಿಯೇ ಶಾಸನ ಓದುವವನಿಗೆ ವಿಚಿತ್ರವಾದ ಸಂಕಟ. ಸವೆದ ಅಕ್ಷರಗಳು ಚೆನ್ನಾಗಿ ಕಾಣುವುದು ಬಿಸಿಲು ಓರೆಯಾಗಿ ಬೀಳುವಾಗ, ಎಂದರೆ ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ಚಿರತೆ ತಿರುಗಾಡುವ ಹೊತ್ತೂ ಅದೇ. ನಾನು ಕಂಡುಕೊಂಡ ಉಪಾಯ ಒಂದು ಅಗಲವಾದ ಕನ್ನಡಿ. ನಡುಹಗಲಿನಲ್ಲಿ ಕಲ್ಲಿನ ಪಕ್ಕದಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿದರೆ ಅಕ್ಷರಗಳು ನೆರಳು ಕಟ್ಟಿ ಏಳುತ್ತವೆ. ಸೀಮೆಸುಣ್ಣ, ಎಣ್ಣೆ, ಹಿಟ್ಟು ಯಾವುದೂ ಬೇಡ. ಅವುಗಳಿಂದ ಕಲ್ಲು ಕೆಡುತ್ತದೆ. ಜೊತೆಗೆ ಒಬ್ಬರಾದರೂ ಇರಲಿ. ಒಬ್ಬರು ಕನ್ನಡಿ ಹಿಡಿಯಲು, ಇನ್ನೊಬ್ಬರು ಬರೆದುಕೊಳ್ಳಲು ಹೇಗೂ ಬೇಕು. ಬಿದ್ದ ಕಲ್ಲಿನ ಕೆಳಕ್ಕೆ ಬರಿಗೈ ತೂರಿಸಬಾರದು. ಕೊಳಕುಮಂಡಲಕ್ಕೆ ಅಂಥ ತಂಪು ಬಹಳ ಪ್ರಿಯ. ಕಚ್ಚಿತೋ, ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಇವೆಲ್ಲ ಬೇಡ. ಕೈಕಾಲು ಅಲುಗಿಸದೆ ನೇರವಾಗಿ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ.

ಹೊಳೆಯ ವಿಷಯ ಬೇರೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದಾದ ಮೇಲೆ ನಂಜನಗೂಡಿನಲ್ಲಿ ಮಳೆ ಹನಿಯದ ದಿನವೂ ಕಪಿಲೆ ಏರಬಹುದು. ವಯನಾಡಿನಲ್ಲಿ ಸುರಿದದ್ದು ಇಲ್ಲಿಗೆ ಬರುತ್ತದೆ. 2018 ಮತ್ತು 2019ರ ಆಗಸ್ಟಿನಲ್ಲಿ ಹದಿನಾರು ಕಾಲಿನ ಮಂಟಪ ಮುಳುಗಿ, ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ನಿಂತಿತು. ದಡದ ಕಲ್ಲನ್ನು ಓದುವುದಕ್ಕೆ ಬೇಸಗೆಯೇ ಕಾಲ.

ಬೆಂಗಳೂರಿನಲ್ಲಿ ಕೆಲವು ಉತ್ಸಾಹಿಗಳು ರೈಸರ ಒಂಬತ್ತನೆಯ ಸಂಪುಟವನ್ನು ಹಿಡಿದು ಬೀದಿಬೀದಿ ಹುಡುಕಿ, ಉಳಿದ ಶಾಸನಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ರೈಸರೂ ಕಾಣದ ಶ್ರೀಪುರುಷನ ಕಾಲದ ವೀರಗಲ್ಲು ದೊರೆಯಿತು. ಅದರಲ್ಲಿರುವ ವೀರನ ಹೆಸರು ಕಿತ್ತಯ್ಯ. ಮಿಥಿಕ್ ಸೊಸೈಟಿಯವರು ಈಗ ಕಲ್ಲುಗಳ ಮೂರು ಆಯಾಮದ ಪ್ರತಿ ತೆಗೆಯುತ್ತಿದ್ದಾರೆ. ಶ್ರೀಪುರುಷನ ವಂಶದವರ ತಲಕಾಡು ಇರುವುದು ನರಸೀಪುರ ತಾಲ್ಲೂಕಿನಲ್ಲಿ. ಅಂಥ ಕೆಲಸ ಇಲ್ಲಿಯೂ ಹೋಬಳಿ ಹೋಬಳಿಯಾಗಿ ನಡೆಯಬೇಡವೆ? ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಲ್ಲಿ ತಂದ ಪರಿಷ್ಕೃತ ಸಂಪುಟಗಳೂ ನೆರವಿಗಿವೆ.

ಫೋನಿನ ಯಂತ್ರವನ್ನು ನಾನು ಹಳಿಯುವವನಲ್ಲ. ಕಲ್ಲು ಸಿಕ್ಕಿದೊಡನೆ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಳ್ಳುತ್ತೇನೆ. ಹೊಲದ ಒಡೆಯನು ಬದಲಾದರೂ ಅಂಕಿಗಳು ಬದಲಾಗವು. ಜಿಯೋಕ್ಯಾಶಿಂಗಿನವರ ಒಂದು ಪದ್ಧತಿಯನ್ನೂ ಕಲಿತಿದ್ದೇನೆ. ಹುಡುಕಿಯೂ ಸಿಗದ ಡಬ್ಬಿಯನ್ನು ಅವರು ‘ಸಿಗಲಿಲ್ಲ’ ಎಂದೇ ದಾಖಲಿಸುತ್ತಾರೆ. ನನ್ನ ಪುಸ್ತಕದಲ್ಲಿಯೂ ಸಂಪುಟದ ಸಂಖ್ಯೆ, ಹೋದ ದಿನಾಂಕ, ಯಾರನ್ನು ಕೇಳಿದೆನೆಂಬುದು, ಕೊನೆಗೆ ಆ ಒಂದು ಮಾತು ಹಲವು ಪುಟಗಳಲ್ಲಿದೆ. ಅವುಗಳ ನಕಲನ್ನು ಮೈಸೂರಿನ ಪುರಾತತ್ತ್ವ ಇಲಾಖೆಗೆ ಕಳುಹಿಸಬೇಕೆಂದು ಶುದ್ಧಪ್ರತಿ ತೆಗೆಯುತ್ತಿದ್ದೇನೆ. ನಂಜನಗೂಡಿನದು ಮುಗಿದಿದೆ, ನರಸೀಪುರದ್ದು ಇನ್ನೂ ಅರ್ಧ ಉಳಿದಿದೆ.